ಅಭಯದಾನದ ಬೆಲೆಯನ್ನು ಯಾರು ತೆರಬೇಕು?

ಆಹಾರದಾನ, ಔಷಧದಾನ, ಶಾಸ್ತ್ರದಾನ, ಅಭಯದಾನ ಎಂದು ದಾನವನ್ನು ನಾಲ್ಕು ಬಗೆಯಾಗಿ ಎಣಿಸುವುದು ನಮ್ಮಲ್ಲಿ ರೂಢಿ. ಮೊದಲ ಮೂರರಲ್ಲಿ ಕೊಡುವವನ ಕೈಯಿಂದ ಏನಾದರೊಂದು ಕಳೆಯುತ್ತದೆ. ಧಾನ್ಯವೋ, ಮದ್ದೋ, ಗ್ರಂಥವೋ, ಅವುಗಳಿಗೆ ತಗಲುವ ಹಣವೋ ವೆಚ್ಚವಾಗುತ್ತದೆ. ನಾಲ್ಕನೆಯದರಲ್ಲಿ ಮಾತ್ರ ಏನೂ ಕಳೆಯುವುದಿಲ್ಲವೆಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. "ನಾನು ಯಾವ ಜೀವಿಯನ್ನೂ ಕೊಲ್ಲಲಾರೆ" ಎಂದುಬಿಟ್ಟರೆ ಅಭಯದಾನ ಪೂರ್ಣವಾಯಿತೆಂದು ತಿಳಿಯುತ್ತೇವೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆಯನ್ನು ಅಲುಗಿಸಿದ ಒಂದು ಪ್ರಸಂಗವನ್ನು ಮೊದಲು ನಿವೇದಿಸಿ, ಆಮೇಲೆ ಅದರಿಂದ ಹುಟ್ಟಿದ ವಿಚಾರಗಳನ್ನು ಓದುಗರ ಮುಂದೆ ಇಡುತ್ತೇನೆ.

ಮಾನ್ವಿಯಲ್ಲಿ ನಮ್ಮ ಕುಟುಂಬಕ್ಕೆ ಬೀಜ, ಗೊಬ್ಬರಗಳ ಅಂಗಡಿಯಿದೆ. ಹಲವು ವರ್ಷಗಳ ಹಿಂದೆ ಒಂದು ಚಳಿಗಾಲದ ಬೆಳಿಗ್ಗೆ ನೀರಮಾನ್ವಿಯ ಕಡೆಯ ಕುರಿಗಾಹಿಯೊಬ್ಬ ಬಂದ. ಹೆಗಲ ಮೇಲೆ ಕಂಬಳಿ, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು. ಬೆಳೆಗೆ ಹಾಕುವ ಕಾಳುರೂಪದ ಕೀಟನಾಶಕ ಬೇಕೆಂದು ಕೇಳಿದ. ಅವನಿಗೆ ಹೊಲವಿಲ್ಲವೆಂಬುದು ನನಗೆ ಗೊತ್ತಿತ್ತು. ಯಾವ ಬೆಳೆಗೆಂದು ವಿಚಾರಿಸಿದೆ. ಅವನು ಮುಚ್ಚಿಡಲಿಲ್ಲ. ಮೂರು ರಾತ್ರಿಗಳಲ್ಲಿ ತೋಳ ಐದು ಮರಿಗಳನ್ನು ಎತ್ತಿಕೊಂಡು ಹೋಗಿತ್ತು. ಅರ್ಧ ತಿಂದು ಬಿಟ್ಟ ಮರಿಯೊಂದು ಗುಡ್ಡದ ಬುಡದಲ್ಲಿ ಬಿದ್ದಿತ್ತು. ಅದಕ್ಕೆ ಮದ್ದು ಬೆರೆಸಿಡುವುದು ಅವನ ಎಣಿಕೆ. ನಾನು ಕೊಡುವುದಿಲ್ಲವೆಂದೆ. ತೋಳವನ್ನು ಕೊಲ್ಲುವುದು ಕಾನೂನಿನ ಪ್ರಕಾರ ಅಪರಾಧವೆಂದೆ, ಜೀವಹತ್ಯೆ ಮಹಾಪಾಪವೆಂದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, "ಆತ್ರೀ ಸಾವಕಾರ್ರ, ತ್ವಾಳ ಉಳೀತು. ನನ್ನ ಐದು ಮರಿ ಲೆಕ್ಕ ಯಾರು ಕೊಡತಾರ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದ.

ಅವನು ಹೋದ ಮೇಲೆ ನನಗೆ ಮೊದಲು ಉಂಟಾದುದು ಒಂದು ಬಗೆಯ ತೃಪ್ತಿ. ಒಂದು ಪ್ರಾಣಿಯ ಜೀವ ಉಳಿಸಿದೆನೆಂಬ ಹೆಮ್ಮೆ. ಆದರೆ ಸಂಜೆ ಗಲ್ಲಾಪೆಟ್ಟಿಗೆಯ ಲೆಕ್ಕ ಬರೆಯಲು ಕುಳಿತಾಗ ಅವನ ಮಾತು ಮರಳಿ ಬಂದಿತು. ಆ ದಿನ ತೋಳಕ್ಕೆ ಅಭಯವಿತ್ತವನು ನಾನು. ಅದರ ಬೆಲೆಯಾಗಿ ಐದು ಮರಿಗಳನ್ನು ಕಳೆದುಕೊಂಡವನು ಅವನು. ನನ್ನ ಪೆಟ್ಟಿಗೆಯಿಂದ ಕಳೆದುದು ಒಂದು ಪೊಟ್ಟಣದ ಲಾಭ ಮಾತ್ರ. ಮತ್ತೊಬ್ಬನ ಕೈಯಿಂದ ಕೊಡಿಸಿದುದನ್ನು ನನ್ನ ದಾನವೆಂದು ಬರೆದುಕೊಳ್ಳುವುದು ಯಾವ ಲೆಕ್ಕಶಾಸ್ತ್ರಕ್ಕೂ ಒಪ್ಪುವ ಮಾತಲ್ಲ.

ಈ ಪ್ರಶ್ನೆಯನ್ನು ಸರಿಯಾಗಿ ನೋಡಬೇಕಾದರೆ ನಮ್ಮ ನೆಲವನ್ನು ಸ್ವಲ್ಪ ಅರಿಯಬೇಕು. ಕೃಷ್ಣೆ, ತುಂಗಭದ್ರೆಗಳ ನಡುವಣ ಈ ಸೀಮೆಯನ್ನು ಹಿಂದಿನವರು ಎಡೆದೊರೆನಾಡೆಂದು ಕರೆದರು. ಇಲ್ಲಿ ದಟ್ಟವಾದ ಕಾಡು ಇಲ್ಲ. ನೀರಮಾನ್ವಿಯಂತಹ ಊರುಗಳ ಬೆನ್ನಿಗೆ ಬಂಡೆಗಳನ್ನು ಪೇರಿಸಿಟ್ಟಂತಹ ಗುಡ್ಡಗಳು, ಅವುಗಳ ಬುಡದಲ್ಲಿ ಕುರುಚಲು, ಮುಂದೆ ಹುಲ್ಲುಗಾವಲು, ಆಮೇಲೆ ಹೊಲ. ಯಲ್ಲಮ್ಮನ ಜಾತ್ರೆಗೆ ಬಂದವರಿಗೆ ಈ ಬಂಡೆಗಳು ಬರಿಯ ಕಲ್ಲುಗಳಾಗಿ ತೋರುತ್ತವೆ. ತೋಳಕ್ಕೆ ಅವು ಮನೆ. ನಮ್ಮ ನಾಡಿನ ತೋಳ ಹುಲಿ, ಚಿರತೆಗಳಂತೆ ಕಾಡನ್ನು ಅವಲಂಬಿಸಿದ ಪ್ರಾಣಿಯಲ್ಲ. ಬಯಲು ಸೀಮೆಯೇ ಅದರ ಸೀಮೆ. ಸುಮಾರು 20 ರಿಂದ 25 ಕಿಲೋ ತೂಗುವ, ಒಣಹುಲ್ಲಿನ ಬಣ್ಣದ ಈ ಪ್ರಾಣಿ ಚಿಗರೆ, ಮೊಲ, ಇಲಿಗಳನ್ನು ತಿಂದು, ಅವು ಸಿಗದೆಡೆ ಕುರಿ, ಮೇಕೆಗಳನ್ನು ಹಿಡಿದು ಬದುಕುತ್ತದೆ. ಚಳಿಗಾಲದಲ್ಲಿ ಪೊದೆಯ ಮರೆಯಲ್ಲಿಯೋ ಬಂಡೆಯ ಸಂದಿಯಲ್ಲಿಯೋ ಮರಿ ಹಾಕುತ್ತದೆ. ಗಂಡು, ಹೆಣ್ಣು ಎರಡೂ ಕೂಡಿ ಮರಿಗಳನ್ನು ಸಾಕುತ್ತವೆ. ಕುರಿಗಾಹಿ ನಮ್ಮ ಅಂಗಡಿಗೆ ಬಂದುದು ಅಂತಹ ಕಾಲದಲ್ಲಿ. ಅವನ ಹಟ್ಟಿಯಲ್ಲಿಯೂ ಮರಿಗಳು, ಗುಡ್ಡದ ಗವಿಯಲ್ಲಿಯೂ ಬಹುಶಃ ಮರಿಗಳು.

1953 ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಎಡದಂಡೆಯ ಕಾಲುವೆಯಿಂದ ಸಿಂಧನೂರು, ಮಾನ್ವಿ ತಾಲ್ಲೂಕುಗಳ ಬಹುಭಾಗ ಗದ್ದೆಯಾಯಿತು. ಕೃಷ್ಣೆಯ ನೀರು ನಾರಾಯಣಪುರದ ಬಲದಂಡೆಯ ಕಾಲುವೆಯಿಂದ ದೇವದುರ್ಗದ ಕಡೆಗೂ ಹರಿಯಿತು. ಬರಕ್ಕೆ ಹೆಸರಾದ ಜಿಲ್ಲೆಗೆ ಇದು ದೊಡ್ಡ ಉಪಕಾರ. ಅದನ್ನು ಅಲ್ಲಗಳೆಯುವವರು ಕೃತಘ್ನರು. ನಮ್ಮ ಅಂಗಡಿ ನಡೆದುದೂ ಆ ನೀರಿನಿಂದಲೇ. ಆದರೆ ಗದ್ದೆಯಾದ ನೆಲ ಹಿಂದೆ ಹುಲ್ಲಿನ ನೆಲವಾಗಿತ್ತು. ಅಲ್ಲಿ ಚಿಗರೆ ಮೇಯುತ್ತಿತ್ತು, ಕುರಿಯೂ ಮೇಯುತ್ತಿತ್ತು. ಹುಲ್ಲು ಕಡಿಮೆಯಾದಷ್ಟೂ ಕುರಿಗಾಹಿ ಮತ್ತು ತೋಳ ಇಬ್ಬರೂ ಉಳಿದ ಗುಡ್ಡದ ಬುಡಗಳಿಗೆ ಸರಿದು ಒಬ್ಬರಿಗೊಬ್ಬರು ಹತ್ತಿರವಾದರು. ಅವರಿಬ್ಬರ ಜಗಳಕ್ಕೆ ಕಾರಣವಾದ ಇಕ್ಕಟ್ಟನ್ನು ಉಂಟುಮಾಡಿದವರಲ್ಲಿ ಆ ಜಗಳದಲ್ಲಿ ಇಲ್ಲದ ನಾವೂ ಸೇರಿದ್ದೇವೆ.

"ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು" ಎಂಬ ಗಾದೆ ನಮ್ಮೆಲ್ಲರಿಗೂ ಪರಿಚಿತ. ಅದರ ಕ್ರೌರ್ಯವನ್ನು ನಾವು ಗಮನಿಸುವುದಿಲ್ಲ. ಹಳ್ಳಕ್ಕೆ ಬಿದ್ದ ತೋಳ ಯಾರಿಗೂ ಏನೂ ಮಾಡಲಾರದು. ಆಗಲೇ ಎಲ್ಲರ ಕೈಗೂ ಕಲ್ಲು ಬರುತ್ತದೆ. ಕುರಿ ಕಳೆದುಕೊಂಡವನ ಕಲ್ಲಿಗೆ ಒಂದು ದುಃಖವಿದೆ. ಉಳಿದವರ ಕಲ್ಲಿಗೆ ಏನಿದೆ? ಬ್ರಿಟಿಷರ ಆಳ್ವಿಕೆಯಲ್ಲಿ ಈ ಕಲ್ಲೆಸೆತಕ್ಕೆ ಸರಕಾರವೇ ಬಹುಮಾನ ಕೊಡುತ್ತಿತ್ತು. 1875 ರಿಂದ 1925 ರವರೆಗಿನ ಐವತ್ತು ವರ್ಷಗಳಲ್ಲಿ ಹೀಗೆ ಬಹುಮಾನಕ್ಕಾಗಿ ಕೊಂದ ತೋಳಗಳ ಸಂಖ್ಯೆ ಒಂದು ಲಕ್ಷವನ್ನು ಮೀರುತ್ತದೆ. ಇಂದು ಇಡೀ ಭಾರತದಲ್ಲಿ ಉಳಿದಿರುವವು ಸುಮಾರು ಮೂರು ಸಾವಿರವೆಂದು ತಜ್ಞರ ಅಂದಾಜು. ಅಂದರೆ ಹುಲಿಗಳಿಗಿಂತ ಹೆಚ್ಚೇನಲ್ಲ. ಹುಲಿಗೆ ಇರುವ ಗೌರವವಾಗಲಿ ಅಭಯಾರಣ್ಯಗಳಾಗಲಿ ತೋಳಕ್ಕೆ ಇಲ್ಲ.

ಸ್ವತಂತ್ರ ಭಾರತದ ಕಾನೂನು ಬಹುಮಾನವನ್ನು ತೆಗೆದು ರಕ್ಷಣೆಯನ್ನು ಕೊಟ್ಟಿತು. 1972 ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ ಹುಲಿಯ ಜೊತೆಗೇ ತೋಳದ ಹೆಸರೂ ಇದೆ. 1974 ರಲ್ಲಿ ಮಂಡ್ಯ ಜಿಲ್ಲೆಯ ಮೇಲುಕೋಟೆಯ ಸುತ್ತಣ ಕುರುಚಲು ಕಾಡನ್ನು ತೋಳಗಳಿಗಾಗಿ ಅಭಯಧಾಮವೆಂದು ಘೋಷಿಸಲಾಯಿತು. ನಮಗೆ ಇನ್ನೂ ಸಮೀಪದಲ್ಲಿ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರಿನ ತೋಳಧಾಮ ಈಚಿನ ವರ್ಷಗಳಲ್ಲಿ ರೂಪುಗೊಂಡಿದೆ. ಉತ್ತರಪುರಾಣದ ಗುಣಭದ್ರಾಚಾರ್ಯರ ನೆನಪಿನೊಡನೆ ಬರುವ ಹಾವೇರಿ ಜಿಲ್ಲೆಯ ಬಂಕಾಪುರ ಇದಲ್ಲ. ಆದರೆ ಇದು ಇರುವುದು ಕೊಪಣವೆಂದು ಪ್ರಸಿದ್ಧವಾಗಿದ್ದ ಜೈನ ಮಹಾತೀರ್ಥದ ಜಿಲ್ಲೆಯಲ್ಲಿ. ಎಷ್ಟೋ ಮುನಿಗಳು ಸಲ್ಲೇಖನ ಕೈಗೊಂಡ ಕೊಪ್ಪಳದ ಬೆಟ್ಟಗಳ ಸೀಮೆಯಲ್ಲಿ ಇಂದು ತೋಳಗಳಿಗೆ ಒಂದಿಷ್ಟು ನೆಲ ಮೀಸಲಾಗಿರುವುದು ಸಂತೋಷದ ಸಂಗತಿ. ಆದರೆ ಒಂದೇ ರಾತ್ರಿಯಲ್ಲಿ ಹತ್ತಾರು ಕಿಲೋಮೀಟರ್ ನಡೆಯುವ ಪ್ರಾಣಿಗೆ 332 ಹೆಕ್ಟೇರು ಒಂದು ಅಂಗಳದಷ್ಟು ಮಾತ್ರ. ಅದರ ಉಳಿದ ಬಾಳೆಲ್ಲ ನಮ್ಮ ಹೊಲಗಳಲ್ಲಿಯೇ, ನೀರಮಾನ್ವಿಯಂತಹ ಗುಡ್ಡಗಳಲ್ಲಿಯೇ ಸಾಗಬೇಕು.

ಇಷ್ಟು ಹೇಳಿ, ತೋಳ ಮನುಷ್ಯನಿಗೆ ಏನೂ ಮಾಡುವುದಿಲ್ಲವೆಂದು ಮುಗಿಸಿಬಿಡುವ ಲೇಖನಗಳು ಉಂಟು. ಅದು ಸತ್ಯಕ್ಕೆ ಮಾಡುವ ಅಪಚಾರ. ಸಾಮಾನ್ಯವಾಗಿ ತೋಳ ಮನುಷ್ಯನನ್ನು ಕಂಡರೆ ದೂರ ಸರಿಯುತ್ತದೆ. ಆದರೆ ಎಲ್ಲ ಕಡೆಯೂ, ಎಲ್ಲ ಕಾಲದಲ್ಲಿಯೂ ಹಾಗೆಯೇ ಆಗಿಲ್ಲ. 1996 ರಲ್ಲಿ ಉತ್ತರಪ್ರದೇಶದ ಪ್ರತಾಪಗಢ, ಸುಲ್ತಾನಪುರ, ಜೌನಪುರ ಜಿಲ್ಲೆಗಳಲ್ಲಿ ಕೆಲವೇ ತಿಂಗಳುಗಳಲ್ಲಿ 76 ಮಕ್ಕಳು ತೋಳದ ದಾಳಿಗೆ ತುತ್ತಾದರು. ವನ್ಯಜೀವಿ ವಿಜ್ಞಾನಿ ಯಾದವೇಂದ್ರದೇವ ಝಾಲಾ ಅವರು ಸಹೋದ್ಯೋಗಿಯೊಡನೆ ಆ ಪ್ರದೇಶದಲ್ಲಿ ಅಧ್ಯಯನ ನಡೆಸಿದರು. ಬಲಿಯಾದವರು ಹೆಚ್ಚಾಗಿ ಬಡವರ ಮನೆಯ ಪುಟ್ಟ ಮಕ್ಕಳು. 2024 ರ ಮಳೆಗಾಲದಲ್ಲಿ ಅದೇ ರಾಜ್ಯದ ಬಹರಾಯಿಚ್ ಜಿಲ್ಲೆಯ ಮಹಸಿ ಪ್ರದೇಶದಲ್ಲಿ ಎಂಟಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುಪಾಲು ಮಕ್ಕಳೇ. ಬಾಗಿಲಿಲ್ಲದ ಮನೆಗಳಿಂದ, ತಾಯಿಯ ಮಗ್ಗುಲಿನಿಂದ ಎಳೆದೊಯ್ದ ಕೂಸುಗಳವು. ಆ ತಾಯಂದಿರ ಮುಂದೆ ನಿಂತು ತೋಳದ ಸದ್ಗುಣಗಳನ್ನು ವರ್ಣಿಸಬಲ್ಲವನ ಎದೆಯಲ್ಲಿ ದಯೆಯಿದೆಯೆಂದು ನಾನು ನಂಬಲಾರೆ.

ಆದರೆ ಅದೇ ಘಟನೆಗಳ ಇನ್ನೊಂದು ಮುಖವನ್ನೂ ನೋಡಬೇಕು. 1996 ರಲ್ಲಿ, ತೋಳದ ವೇಷದಲ್ಲಿ ಮನುಷ್ಯರೇ ಮಕ್ಕಳನ್ನು ಒಯ್ಯುತ್ತಿದ್ದಾರೆಂಬ ವದಂತಿ ಹಬ್ಬಿ, ದಾರಿಹೋಕರಾದ ಅಪರಿಚಿತರನ್ನು ಹಳ್ಳಿಗರು ಹೊಡೆದು ಕೊಂದರು. ಬಹರಾಯಿಚ್‌ನಲ್ಲಿ ಅರಣ್ಯ ಇಲಾಖೆಯವರು ಒಂದೊಂದಾಗಿ ಐದು ತೋಳಗಳನ್ನು ಹಿಡಿದರು. ಆರನೆಯದು ಊರೊಳಗೆ ಮೇಕೆಯನ್ನು ಹಿಡಿಯಲು ಬಂದಾಗ ಜನ ಸುತ್ತುವರಿದು ಬಡಿದು ಕೊಂದರು. ಅಲ್ಲಿಯೂ ಆಳಿಗೊಂದು ಕಲ್ಲು. ಭಯವೆಂಬುದು ಒಮ್ಮೆ ಬಿಡುಗಡೆಯಾದರೆ ತೋಳ ಯಾವುದು, ದಾರಿಹೋಕ ಯಾರು ಎಂದು ವಿಚಾರಿಸುವುದಿಲ್ಲ. ಭಯಗೊಂಡವನು ಮತ್ತೊಬ್ಬರಿಗೆ ಅಭಯವನ್ನು ಕೊಡಲಾರ. ಆದುದರಿಂದ ತೋಳಕ್ಕೆ ಅಭಯ ಬೇಕೆನ್ನುವವನು ಮೊದಲು ಆ ಊರಿನ ಜನರಿಗೆ ಅಭಯವನ್ನು ಒದಗಿಸಬೇಕು. ಈ ಕ್ರಮವನ್ನು ತಲೆಕೆಳಗು ಮಾಡಲಾಗದು.

ಶಾಸ್ತ್ರ ಈ ವಿಷಯದಲ್ಲಿ ಏನು ಹೇಳುತ್ತದೆ? ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡಿದ್ದಾರೆ. ಹಿಂಸ್ರಪ್ರಾಣಿಯೊಂದನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆಂಬ ಲೆಕ್ಕದಿಂದ ಅದನ್ನು ಕೊಲ್ಲಲಾಗದು. ಬದುಕಿದಷ್ಟು ಕಾಲ ಅದು ಪಾಪವನ್ನು ಕೂಡಿಹಾಕಿಕೊಳ್ಳುತ್ತದಲ್ಲಾ ಎಂಬ ಕರುಣೆಯ ನೆಪದಿಂದಲೂ ಕೊಲ್ಲಲಾಗದು ಎಂಬುದು ಅವರ ತೀರ್ಪಿನ ಸಾರ. ಸಾವಿರ ವರ್ಷಗಳ ಹಿಂದೆಯೇ ಎಂತಹ ಮನೋಜ್ಞಾನ! ನಾವು ಕೊಲ್ಲಬೇಕೆಂದು ನಿಶ್ಚಯಿಸಿದ ಮೇಲೆ ಕಾರಣಗಳನ್ನು ಹುಡುಕುತ್ತೇವೆ. ಒಮ್ಮೆ ಬಹುಜನಹಿತ, ಇನ್ನೊಮ್ಮೆ ದಯೆ. ಆ ಎರಡು ಬಾಗಿಲುಗಳನ್ನೂ ಆಚಾರ್ಯರು ಮುಚ್ಚಿಬಿಟ್ಟಿದ್ದಾರೆ.

ಹಾಗಾದರೆ ಮಗುವಿನ ಮೇಲೆ ಎರಗಿದ ತೋಳವನ್ನು ತಂದೆ ನೋಡುತ್ತ ನಿಲ್ಲಬೇಕೆ? ಇಲ್ಲ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸರ್ವಥಾ ಬಿಡಬೇಕು, ಉಳಿದವುಗಳಲ್ಲಿ ಎಚ್ಚರದಿಂದಿರಬೇಕು ಎಂದು ನಮ್ಮ ಹಿರಿಯರು ವಿಧಿಸಿದ್ದಾರೆ. ಎರಗಿದ ಪ್ರಾಣಿಯನ್ನು ತಡೆಯುವಾಗ ಆಗುವುದು ವಿರೋಧೀ ಹಿಂಸೆ. ಗುಡ್ಡದ ಬುಡದಲ್ಲಿ ವಿಷವಿಟ್ಟು ಮನೆಗೆ ಹೋಗಿ ಮಲಗುವುದು ಸಂಕಲ್ಪೀ ಹಿಂಸೆ. ಎರಡಕ್ಕೂ ಇರುವ ಅಂತರ ಅಪಾರ. ನಮ್ಮ ದೇಶದ ಕಾನೂನೂ ಇದೇ ವಿವೇಕದಿಂದ ನಡೆದಿರುವುದು ಗಮನಾರ್ಹ. ಆತ್ಮರಕ್ಷಣೆಗಾಗಿಯೋ ಇನ್ನೊಬ್ಬರ ರಕ್ಷಣೆಗಾಗಿಯೋ ಸದುದ್ದೇಶದಿಂದ ವನ್ಯಪ್ರಾಣಿಯನ್ನು ಕೊಲ್ಲಬೇಕಾಗಿ ಬಂದರೆ ಅದು ಅಪರಾಧವಲ್ಲವೆಂದು 1972 ರ ಅಧಿನಿಯಮದ 11 ನೆಯ ಪ್ರಕರಣ ಹೇಳುತ್ತದೆ. ಮನುಷ್ಯಜೀವಕ್ಕೆ ಅಪಾಯಕಾರಿಯಾದ ಪ್ರಾಣಿಯ ವಿಷಯದಲ್ಲಿ ಆಜ್ಞೆ ಕೊಡುವ ಅಧಿಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗಿದೆ. ಅದೂ ಕಾರಣಗಳನ್ನು ಬರೆದಿಟ್ಟು, ಹಿಡಿಯಲಾಗಲಿ ಬೇರೆಡೆಗೆ ಸಾಗಿಸಲಾಗಲಿ ಸಾಧ್ಯವೇ ಇಲ್ಲವೆಂದು ಮನಗಂಡ ಮೇಲೆ ಮಾತ್ರ.

ಇಲ್ಲಿ ಒಂದು ಭ್ರಮೆಯನ್ನು ದೂರ ಮಾಡಬೇಕು. ವಡ್ಡಾರಾಧನೆಯ ಮೊದಲ ಕಥೆ ಸುಕುಮಾರಸ್ವಾಮಿಯದು. ಧ್ಯಾನಸ್ಥನಾದ ಆ ಮುನಿಯ ದೇಹವನ್ನು ನರಿಯೊಂದು ತನ್ನ ಮರಿಗಳೊಡನೆ ತಿನ್ನುತ್ತಿದ್ದರೂ ಅವನು ಅಲುಗದೆ ಉಪಸರ್ಗವನ್ನು ಸಹಿಸಿದ ವೃತ್ತಾಂತವನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಅದನ್ನು ಉದಾಹರಿಸಿ, ತೋಳ ಕುರಿಯನ್ನು ಒಯ್ದರೆ ಕರ್ಮವೆಂದು ಸಹಿಸಬೇಕು ಎಂದು ಕುರಿಗಾಹಿಗೆ ಉಪದೇಶಿಸುವವರನ್ನು ಕಂಡಿದ್ದೇನೆ. ಆದರೆ ಸುಕುಮಾರಸ್ವಾಮಿ ಸಹಿಸಿದುದು ತನ್ನ ದೇಹದ ಮೇಲಿನ ನೋವನ್ನು. ಅವನು ಬೇರೊಬ್ಬರ ದೇಹವನ್ನಾಗಲಿ ಬೇರೊಬ್ಬರ ಜೀವನೋಪಾಯವನ್ನಾಗಲಿ ನರಿಯ ಮುಂದೆ ಇಡಲಿಲ್ಲ. ಮುನಿಯ ಸಹನೆ ಮಹತ್ತರವಾದುದು ಅವನು ತನ್ನದನ್ನು ಬಿಟ್ಟುಕೊಟ್ಟುದರಿಂದ. ನಾವು ಅಂಗಡಿಯ ಗಾದಿಯ ಮೇಲೆ ಕುಳಿತು, ಹಟ್ಟಿಯಲ್ಲಿ ರಾತ್ರಿ ಕಾಯುವವನಿಗೆ ಸಹನೆಯನ್ನು ಬೋಧಿಸಿದರೆ ಅದು ಮುನಿಧರ್ಮವೂ ಅಲ್ಲ, ಶ್ರಾವಕಧರ್ಮವೂ ಅಲ್ಲ.

ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂಬುದು ತತ್ತ್ವಾರ್ಥಸೂತ್ರದ ಬೋಧೆ. ತೋಳಗಳ ಸೀಮೆಯಲ್ಲಿ ಸುರಕ್ಷಿತವಾಗಿ ಬಾಳುವ ಉಪಾಯವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ. ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ, ಅಂದರೆ ನೋಡಿ ನಡೆಯುವುದು. ಕೊನೆಯದು ಉತ್ಸರ್ಗಸಮಿತಿ, ಅಂದರೆ ತ್ಯಾಜ್ಯವನ್ನು ಯಾವ ಜೀವಿಗೂ ಬಾಧೆಯಾಗದ ಎಡೆಯಲ್ಲಿ ವಿಸರ್ಜಿಸುವುದು. ಇವೆರಡನ್ನು ಗೃಹಸ್ಥರೂ ತಮ್ಮ ಮಟ್ಟಕ್ಕೆ ಅಳವಡಿಸಿಕೊಂಡರೆ ಊರಿನ ಅರ್ಧ ಭಯ ನೀಗುತ್ತದೆ.

ತೋಳ ಹೆಚ್ಚಾಗಿ ಸಂಜೆ, ರಾತ್ರಿ, ನಸುಕುಗಳಲ್ಲಿ ಸಂಚರಿಸುತ್ತದೆ. ಆ ಹೊತ್ತಿನಲ್ಲಿ ಚಿಕ್ಕಮಕ್ಕಳನ್ನು ಬಹಿರ್ದೆಸೆಗಾಗಲಿ ದನ ಹೊಡೆದು ತರಲಾಗಲಿ ಒಂಟಿಯಾಗಿ ಕಳುಹಿಸಬಾರದು. ಬೇಸಿಗೆಯಲ್ಲಿ ಅಂಗಳದಲ್ಲಿ ಮಲಗುವವರು ಮಕ್ಕಳನ್ನು ನಡುವೆ ಮಲಗಿಸಿಕೊಳ್ಳಬೇಕು, ದೀಪವಿರಬೇಕು. ಕತ್ತಲೆಯಲ್ಲಿ ನಡೆಯುವವರ ಕೈಯಲ್ಲಿ ಬ್ಯಾಟರಿಯೂ ಕೋಲೂ ಇರಲಿ. ತೋಳ ಎದುರಾದರೆ ಓಡಬಾರದು. ಓಡುವುದನ್ನು ಅಟ್ಟುವುದು ಅದರ ಸ್ವಭಾವ. ಅದಕ್ಕೆ ಬೆನ್ನು ತೋರದೆ, ಮಗುವನ್ನು ಎತ್ತಿಕೊಂಡು, ಗಟ್ಟಿಯಾಗಿ ಕೂಗುತ್ತ, ಕಂಬಳಿಯನ್ನೋ ಕೋಲನ್ನೋ ಎತ್ತಿ ಬೀಸುತ್ತ ಮೆಲ್ಲನೆ ಹಿಂದೆ ಸರಿಯಬೇಕು. ಅದಕ್ಕೆ ಓಡಿಹೋಗಲು ದಾರಿ ಬಿಡಬೇಕು. ಸುತ್ತುವರಿದ ಪ್ರಾಣಿಯೇ ಹೆಚ್ಚು ಅಪಾಯಕಾರಿ. ಚಳಿಗಾಲದಲ್ಲಿ ಗುಡ್ಡದ ಗವಿಗಳ ಹತ್ತಿರ ಸುಳಿಯಬಾರದು. ಮುದ್ದಾದ ಮರಿಗಳು ಕಂಡವೆಂದು ಮಕ್ಕಳು ಎತ್ತಿಕೊಂಡು ಬಂದರೆ ಅವುಗಳ ತಾಯಿ ಊರಿನವರೆಗೂ ಹುಡುಕಿಕೊಂಡು ಬಂದೀತು.

ಉತ್ಸರ್ಗಸಮಿತಿಯ ಮಾತು ಇನ್ನೂ ಮುಖ್ಯ. ಸತ್ತ ದನವನ್ನು, ಕೋಳಿ ಅಂಗಡಿಗಳ ಕಸವನ್ನು ಊರ ಹೊರಗಿನ ಹಳ್ಳಕ್ಕೆ ಎಸೆಯುವುದು ನಮ್ಮ ಎಲ್ಲ ಊರುಗಳ ರೂಢಿಯಾಗಿದೆ. ಅಲ್ಲಿ ಮೊದಲು ಬೀದಿನಾಯಿಗಳು ಸೇರುತ್ತವೆ, ಅವುಗಳ ಹಿಂದೆ ತೋಳ ಬರುತ್ತದೆ. ಮನುಷ್ಯವಾಸನೆಯ ಅಂಜಿಕೆಯನ್ನು ಅದು ಕಳೆದುಕೊಳ್ಳುವುದು ಇಂತಹ ಎಡೆಗಳಲ್ಲಿಯೇ. ನಾಯಿಗಳಿಂದ ಅದಕ್ಕೆ ರೇಬೀಸ್ ತಗಲುವ ಭಯವೂ ಉಂಟು. ಹಗಲಿನಲ್ಲಿ ಅಂಜಿಕೆಯಿಲ್ಲದೆ ಊರೊಳಗೆ ನುಗ್ಗಿ ಕಂಡಕಂಡವರನ್ನು ಕಚ್ಚುವ ತೋಳಕ್ಕೆ ಈ ರೋಗ ತಗಲಿರಬಹುದೆಂದು ಶಂಕಿಸಬೇಕು. ಕಚ್ಚಿಸಿಕೊಂಡವರು ಅರಿಸಿನ, ಸುಣ್ಣಗಳನ್ನು ಹಚ್ಚುತ್ತ ಕಾಲಹರಣ ಮಾಡದೆ, ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ಕೂಡಲೆ ಆಸ್ಪತ್ರೆಗೆ ಹೋಗಬೇಕು. ತೋಳದ ಕಡಿತ ಆಳವಾದುದರಿಂದ ಲಸಿಕೆಯ ಜೊತೆಗೆ ಗಾಯಕ್ಕೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಎಂಬ ಪ್ರತಿವಿಷದ ಮದ್ದೂ ಅಗತ್ಯ. ಊರಿನ ನಾಯಿಗಳಿಗೆ ಲಸಿಕೆ ಹಾಕಿಸುವುದು ಮನುಷ್ಯರಿಗೂ ತೋಳಗಳಿಗೂ ಏಕಕಾಲದಲ್ಲಿ ಮಾಡುವ ಅಭಯದಾನ.

ಮತ್ತೆ ಕುರಿಗಾಹಿಯ ಪ್ರಶ್ನೆಗೆ ಬರುತ್ತೇನೆ. ಅವನು ಬಂದುಹೋದ ಮೂರನೆಯ ದಿನ ನಾನು ಅವನ ಹಟ್ಟಿಯನ್ನು ಹುಡುಕಿಕೊಂಡು ಹೋದೆ. ರೈತನೊಬ್ಬನ ಹೊಲದಲ್ಲಿ ಕುರಿ ತರುಬಿದ್ದ. ರಾತ್ರಿಯೆಲ್ಲ ಕುರಿಗಳು ನಿಂತ ಹೊಲಕ್ಕೆ ಸಿಗುವ ಗೊಬ್ಬರಕ್ಕೆ ಪ್ರತಿಯಾಗಿ ರೈತ ಒಂದಿಷ್ಟು ಕಾಳು, ಒಂದಿಷ್ಟು ಹಣ ಕೊಡುತ್ತಾನೆ. ಹಟ್ಟಿಯ ಸುತ್ತ ಮುಳ್ಳುಬೇಲಿ ಒಂದೆಡೆ ಕುಸಿದಿತ್ತು. ಬಲೆ ಹರಿದಿತ್ತು. ಎರಡು ನಾಯಿಗಳಲ್ಲಿ ಒಂದು ಸತ್ತಿತ್ತು. ಮಗ ದುಡಿಯಲು ಬೆಂಗಳೂರಿಗೆ ಹೋಗಿದ್ದುದರಿಂದ ರಾತ್ರಿಯ ಕಾವಲು ಅವನೊಬ್ಬನದೇ. ವಿಷ ಇಟ್ಟನೋ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ಅವನೇ ಹೇಳಿದ: "ಇಡಲಿಲ್ಲರಿ. ನನ್ನ ನಾಯೀನೂ ತಿಂದು ಸಾಯತೈತಿ. ನಮ್ಮಪ್ಪ ಅಂತಿದ್ದ, ತ್ವಾಳಕ್ಕೂ ಒಂದು ಪಾಲು ಐತಿ ಅಂತ. ಒಂದು ಒಯ್ದರ ಪಾಲು ಅನಬೌದು. ಐದು ಒಯ್ದರ ಏನಂತ ಅನಬೇಕ್ರಿ?"

ಶಾಸ್ತ್ರ ಓದಿದ ನಾನು ನಾಚಿದ ಘಳಿಗೆ ಅದು. ತೋಳಕ್ಕೂ ಒಂದು ಪಾಲು ಉಂಟೆಂದು ಒಪ್ಪಿ, ಆ ಪಾಲನ್ನು ತಲೆಮಾರುಗಳಿಂದ ತನ್ನ ಹಟ್ಟಿಯಿಂದಲೇ ಕೊಡುತ್ತ ಬಂದವನು ಅವನು. ವಿಷ ತಿಂದ ತೋಳವೊಂದೇ ಸಾಯುವುದಿಲ್ಲ. ಆ ಹೆಣಕ್ಕೆ ಬಾಯಿ ಹಾಕಿದ ನಾಯಿ, ನರಿ, ಹದ್ದು, ಕಾಗೆಗಳೆಲ್ಲ ಸಾಯುತ್ತವೆಂಬುದನ್ನು ನನಗಿಂತ ಮೊದಲು ತಿಳಿದವನೂ ಅವನೇ. ಅವನಿಗೆ ಬೇಕಾಗಿದ್ದುದು ಉಪದೇಶವಲ್ಲ. ಒಂದು ಬಲೆ, ಒಂದು ನಾಯಿ, ಒಂದು ಒಳ್ಳೆಯ ಬ್ಯಾಟರಿ, ಹೋದ ಮರಿಗಳ ಬೆಲೆಯಲ್ಲಿ ಒಂದಿಷ್ಟು.

ವನ್ಯಪ್ರಾಣಿಗಳಿಂದ ಸತ್ತ ಜಾನುವಾರುಗಳಿಗೆ ಅರಣ್ಯ ಇಲಾಖೆಯಿಂದ ಪರಿಹಾರ ದೊರೆಯುವ ಏರ್ಪಾಡು ನಮ್ಮ ರಾಜ್ಯದಲ್ಲಿದೆ. ಆದರೆ ಅದಕ್ಕೆ ಅರ್ಜಿ ಬೇಕು, ಹೆಣವನ್ನು ಕದಲಿಸದೆ ತೋರಿಸಬೇಕು, ಛಾಯಾಚಿತ್ರ ಬೇಕು, ಪಶುವೈದ್ಯರ ಪ್ರಮಾಣಪತ್ರ ಬೇಕು. ಇಂದು ಈ ಹೊಲದಲ್ಲಿ, ನಾಳೆ ಹತ್ತು ಕಿಲೋಮೀಟರ್ ಆಚೆಯ ಹೊಲದಲ್ಲಿ ಇರುವ ಕುರಿಗಾಹಿಗೆ ಇದು ಸುಲಭವಲ್ಲ. ತೋಳ ಮರಿಯನ್ನು ಪೂರ್ತಿಯಾಗಿ ಒಯ್ದರೆ ತೋರಿಸಲು ಹೆಣವೂ ಇರುವುದಿಲ್ಲ. ಅರ್ಜಿ ಬರೆದುಕೊಡುವುದು, ಕಚೇರಿಗೆ ಜೊತೆಯಲ್ಲಿ ಹೋಗುವುದು, ಪರಿಹಾರ ಬರುವವರೆಗೆ ಕೈಗಡ ಕೊಡುವುದು ಅಕ್ಷರ ಬಲ್ಲ, ಅಂಗಡಿಯುಳ್ಳ ನಮ್ಮಂತಹವರಿಗೆ ಎಷ್ಟರ ಕೆಲಸ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದು ನನ್ನ ಮನಸ್ಸಿನಲ್ಲಿಯೂ ಎದ್ದಿತ್ತು. ಕುರಿಗಾಹಿ ತನ್ನ ಕುರಿಗಳನ್ನು ಕೊನೆಗೆ ಮಾರುವುದು ಕಟುಕನಿಗೇ. ತೋಳ ತಿಂದ ಮರಿಗೆ ನಾವು ಹಣ ಕೊಟ್ಟರೆ ಕಸಾಯಿಖಾನೆಯ ವ್ಯಾಪಾರಕ್ಕೆ ನೆರವಾದಂತಾಗದೆ? ಆಕ್ಷೇಪದಲ್ಲಿ ತಿರುಳಿದೆ. ಆದರೆ ಅದನ್ನು ಎತ್ತುವ ಮೊದಲು ನನ್ನ ಅಂಗಡಿಯ ಕಪಾಟುಗಳ ಕಡೆಗೆ ನೋಡಬೇಕಾಯಿತು. ಶ್ರಾವಕನು ಬಿಡಬೇಕಾದ ವ್ಯಾಪಾರಗಳಲ್ಲಿ ವಿಷವಾಣಿಜ್ಯವನ್ನೂ ನಮ್ಮ ಆಚಾರಗ್ರಂಥಗಳು ಎಣಿಸಿವೆ. ಕುರಿಗಾಹಿಗೆ ಕೊಡಲೊಲ್ಲದ ಅದೇ ಪೊಟ್ಟಣವನ್ನು ಅದೇ ದಿನ ನಾಲ್ವರು ರೈತರಿಗೆ ಮಾರಿದ್ದೆ. ಅದು ಉದ್ಯೋಗೀ ಹಿಂಸೆಯೆಂದು ನನಗೆ ನಾನೇ ವಿನಾಯಿತಿ ಕೊಟ್ಟುಕೊಂಡವನು, ಅವನ ಉದ್ಯೋಗಕ್ಕೆ ಮಾತ್ರ ಶಾಸ್ತ್ರದ ಒರೆಗಲ್ಲನ್ನು ಹಿಡಿಯುವುದು ನ್ಯಾಯವೆ? ಮೇಲಾಗಿ ನಾವು ಅವನಿಗೆ ಕೊಡುವುದು ಕುರಿಯ ಬೆಲೆಯನ್ನಲ್ಲ. ತೋಳದ ಜೀವ ಉಳಿಯಲಿ ಎಂದು ನಾವು ಬಯಸಿದೆವು. ಆ ಬಯಕೆಯ ವೆಚ್ಚ ಅವನ ಹಟ್ಟಿಯ ಮೇಲೆ ಬಿದ್ದಿತು. ಅದನ್ನು ತೀರಿಸುವುದು ಸಾಲ ತೀರಿಸುವುದೇ ಹೊರತು ದಾನವೂ ಅಲ್ಲ, ಅವನ ವ್ಯಾಪಾರಕ್ಕೆ ಅನುಮೋದನೆಯೂ ಅಲ್ಲ.

ಆ ಚಳಿಗಾಲದಲ್ಲಿ ಅವನಿಗೆ ಒಂದು ನೈಲಾನ್ ಬಲೆ, ಒಂದು ಬ್ಯಾಟರಿ ಕೊಡಿಸಿದೆ. ಮರಿಗಳನ್ನು ಹಟ್ಟಿಯ ನಡುವೆ ಬುಟ್ಟಿಗಳ ಕೆಳಗೆ ಮುಚ್ಚಿಡುವ ಹಳೆಯ ಪದ್ಧತಿಯನ್ನು ಅವನು ಮತ್ತೆ ಆರಂಭಿಸಿದ. ಮೂರು ಮರಿಗಳಿಗೆ ನಾನು ಹಣ ಕೊಟ್ಟೆ. ಎರಡು ತನ್ನ ಅಪ್ಪನ ಕಾಲದಿಂದ ಬಂದ ಪಾಲಿನವೆಂದು ಅವನು ತೆಗೆದುಕೊಳ್ಳಲಿಲ್ಲ. ಇದರಿಂದ ತೋಳದ ಸಮಸ್ಯೆ ಬಗೆಹರಿಯಿತೆಂದು ಹೇಳಲಾರೆ. ಮರುವರ್ಷವೂ ಒಂದು ಮರಿ ಹೋಯಿತೆಂದು ಕೇಳಿದೆ. ಆದರೆ ಅವನು ಮತ್ತೆ ವಿಷ ಕೇಳಲು ಬರಲಿಲ್ಲ. ಆ ಕಪಾಟನ್ನು ತೆರವು ಮಾಡುವ ಕೆಲಸವನ್ನು ನಾನು ಅಂದಿನಿಂದ ಆರಂಭಿಸಿದ್ದೇನೆ. ಇನ್ನೂ ಪೂರ್ತಿಯಾಗಿ ಮುಗಿಸಿಲ್ಲವೆಂದು ಒಪ್ಪಿಕೊಳ್ಳಬೇಕು.

ಪರ್ಯೂಷಣ, ದಶಲಕ್ಷಣ ಪರ್ವಗಳಲ್ಲಿ ಜೀವದಯೆಗೆಂದು ನಾವು ಹಣ ಎತ್ತುತ್ತೇ‍ವೆ. ಗೋಶಾಲೆಗಳಿಗೂ ಪಾಂಜರಪೋಳಗಳಿಗೂ ಅದು ಸಲ್ಲುತ್ತದೆ, ಸಲ್ಲಲಿ. ಅದರಲ್ಲಿ ಒಂದಂಶವನ್ನು ತೋಳಗಳ ಸೀಮೆಯ ಕುರಿಗಾಹಿಗಳ ಬಲೆಗೆ, ದೀಪಕ್ಕೆ, ಹೋದ ಮರಿಗಳ ಬೆಲೆಗೆ ಎಂದು ತೆಗೆದಿಡಬಾರದೇಕೆ? ರಾಯಚೂರು, ಮಾನ್ವಿ, ದೇವದುರ್ಗಗಳ ಸಮಾಜಬಾಂಧವರು ಇದನ್ನು ಆಲೋಚಿಸಬೇಕೆಂದು ವಿನಂತಿಸುತ್ತೇನೆ. ಕುರಿಗಾಹಿಯ ಪ್ರಶ್ನೆ ಇನ್ನೂ ನಮ್ಮ ಮುಂದಿದೆ. ಅವನು ಉತ್ತರಕ್ಕೆ ಕಾಯದೆ ಹೋದುದು, ನಮ್ಮಿಂದ ಉತ್ತರ ಬಾರದೆಂದು ಅವನಿಗೆ ತಿಳಿದಿದ್ದುದರಿಂದ.